ಹಳೆಯ ಗಣಕಕ್ಕೆ ದನಿ ಬರಿಸುವ ಬಗೆ

ಗಣಕಯಂತ್ರದ ದನಿ ನಿಂತುಹೋದರೆ ನಮ್ಮಲ್ಲಿ ಬಹುಮಂದಿಗೆ ಆಗುವ ನಷ್ಟ ಅಷ್ಟೇನೂ ದೊಡ್ಡದಲ್ಲ. ಒಂದು ಹಾಡು ಕೇಳುವುದು ತಪ್ಪೀತು. ಒಂದು ಸಿನಿಮಾ ಮೂಕಚಿತ್ರವಾದೀತು. ಕಣ್ಣೆದುರು ಪರದೆ ಬೆಳಗುತ್ತಿರುವವರೆಗೆ ನಮ್ಮ ಕೆಲಸ ನಿಲ್ಲುವುದಿಲ್ಲ. ಆದರೆ ದನಿಯೇ ಪರದೆಯಾಗಿರುವವರೂ ನಮ್ಮ ನಡುವೆ ಇದ್ದಾರೆ. ಅವರಿಗೆ ದನಿ ಹೋಯಿತೆಂದರೆ ಓದುವ ಹೊತ್ತಿನಲ್ಲಿ ದೀಪ ಆರಿದಂತೆಯೇ ಸರಿ. ಈ ಮಾತನ್ನು ನಾನು ಕಳೆದ ವರ್ಷ ಬನಶಂಕರಿ ಎರಡನೆಯ ಹಂತದ ಒಂದು ಮನೆಯಲ್ಲಿ ಕಲಿತೆನು. ಕಲಿತದ್ದನ್ನು ಸಹಪಾಠಿಗಳ ಮುಂದೆಯೂ ಅಧ್ಯಾಪಕವರ್ಗದವರ ಮುಂದೆಯೂ ಇಡುವುದೇ ಈ ಲೇಖನದ ಉದ್ದೇಶ. ನಾನು ಇತಿಹಾಸದ ವಿದ್ಯಾರ್ಥಿ, ಯಂತ್ರಶಾಸ್ತ್ರ ಬಲ್ಲವನಲ್ಲ. ಆದಕಾರಣ ಮೊದಲು ತಪ್ಪು ಮಾಡಿ, ಆಮೇಲೆ ಸರಿಯಾದುದನ್ನು ಕಂಡುಕೊಂಡೆನು. ಆ ತಪ್ಪನ್ನೂ ಮುಚ್ಚಿಡದೆ ಬರೆದಿದ್ದೇನೆ.

ನನ್ನ ಸ್ನೇಹಿತನೊಬ್ಬನಿಗೆ ಹುಟ್ಟಿನಿಂದಲೂ ದೃಷ್ಟಿಯಿಲ್ಲ. ಅವನ ಮೇಜಿನ ಮೇಲೆ ಒಂದು ಹಳೆಯ ಗಣಕವಿದೆ. ಅದರ ನೆನಪಿನ ಶಕ್ತಿ ಕೇವಲ 512 ಮೆಗಾಬೈಟು; ಆದುದರಿಂದ ಹೊಸ ಕಾಲದ ಕಾರ್ಯವ್ಯವಸ್ಥೆಗಳ ಭಾರವನ್ನು ಅದು ಹೊರಲಾರದು. ಅದರಲ್ಲಿರುವುದು 2001ರಲ್ಲಿ ಹೊರಬಂದ ವಿಂಡೋಸ್ ಎಕ್ಸ್‌ಪಿ. ಆ ವ್ಯವಸ್ಥೆಗೆ ತಯಾರಕರ ಬೆಂಬಲ 2014ರ ಏಪ್ರಿಲ್ ತಿಂಗಳಲ್ಲೇ ಮುಗಿದಿದೆ. ಆದ್ದರಿಂದ ಅವನು ಅದನ್ನು ಅಂತರ್ಜಾಲಕ್ಕೆ ಜೋಡಿಸುವುದಿಲ್ಲ. ಬರೆಯುವುದಕ್ಕೂ ಓದುವುದಕ್ಕೂ ಮಾತ್ರ ಬಳಸುತ್ತಾನೆ. ಅವನ ಕೈಯಲ್ಲಿ ಮಾತನಾಡುವ ಮೊಬೈಲ್ ಫೋನೂ ಇದೆಯೆನ್ನಿ. ಆದರೆ ಪುಟಗಟ್ಟಲೆ ಟಿಪ್ಪಣಿ ಬರೆಯುವುದಕ್ಕೆ ಹತ್ತು ಬೆರಳೂ ಓಡಾಡುವ ಕೀಲಿಮಣೆಯೇ ಬೇಕು ಎಂಬುದು ಅವನ ಮಾತು.

ಪರದೆಯ ಮೇಲಿರುವುದನ್ನು ಅವನಿಗೆ ಓದಿ ಹೇಳುವುದು ಎನ್‌ವಿಡಿಎ ಎಂಬ ತಂತ್ರಾಂಶ. ಆಸ್ಟ್ರೇಲಿಯದ ಮೈಕೆಲ್ ಕರನ್ ಎಂಬವರು 2006ರಲ್ಲಿ ಇದನ್ನು ಆರಂಭಿಸಿದರು. ಜೇಮ್ಸ್ ಟೇ ಎಂಬವರು ಅವರ ಜೊತೆಗೂಡಿದರು. ಇಬ್ಬರೂ ದೃಷ್ಟಿಯಿಲ್ಲದವರು. ಈ ತಂತ್ರಾಂಶವನ್ನು ಯಾರು ಬೇಕಾದರೂ ಹಣವಿಲ್ಲದೆ ಪಡೆಯಬಹುದು. ಎಕ್ಸ್‌ಪಿಯಲ್ಲಿ ನಡೆಯುವ ಅದರ ಕೊನೆಯ ಆವೃತ್ತಿ 2017.3. ಅದರೊಡನೆ ಬರುವ ಇ-ಸ್ಪೀಕ್ ಎಂಬ ವಾಚಕವು ಕನ್ನಡವನ್ನೂ ಓದುತ್ತದೆ. ಉಚ್ಚಾರ ಸ್ವಲ್ಪ ಒರಟು. ಆದರೂ ಅರ್ಥಕ್ಕೆ ಕೊರತೆಯಿಲ್ಲ.

ಪರೀಕ್ಷೆಗೆ ಹನ್ನೆರಡು ದಿನ ಉಳಿದಿದ್ದಾಗ ಅವನ ಗಣಕದ ಹಾರ್ಡ್ ಡಿಸ್ಕು ಕೆಟ್ಟಿತು. ಪುಣ್ಯಕ್ಕೆ ಟಿಪ್ಪಣಿಗಳ ಪ್ರತಿ ಪೆನ್‌ಡ್ರೈವಿನಲ್ಲಿತ್ತು. ನೆರೆಮನೆಯವರೊಬ್ಬರು ಬೇರೆ ಡಿಸ್ಕು ಹಾಕಿ, ಎಕ್ಸ್‌ಪಿಯನ್ನೂ ಎನ್‌ವಿಡಿಎಯನ್ನೂ ಹೊಸದಾಗಿ ಅನುಸ್ಥಾಪಿಸಿಕೊಟ್ಟರು. ಎಲ್ಲವೂ ಬಂತು, ದನಿ ಮಾತ್ರ ಬರಲಿಲ್ಲ. ಭಾನುವಾರ ಬೆಳಗ್ಗೆ ನಾನು ಜಯನಗರದಿಂದ ಅವನ ಮನೆಗೆ ಹೋದೆನು.

“ಬಾರಪ್ಪಾ, ಎರಡು ದಿನದಿಂದ ಸರಿಯಾಗಿ ಊಟವನ್ನೇ ಮಾಡಿಲ್ಲ ಇವನು,” ಎಂದರು ಅವನ ತಾಯಿ.

ಅವನು ಗಣಕದ ಮುಂದೆ ಸುಮ್ಮನೆ ಕುಳಿತಿದ್ದ. “ಹೊತ್ತಿಸಿದಾಗ ಒಂದು ಸಲ ಬೀಪ್ ಅನ್ನುತ್ತೆ ಕಣೋ. ಹಾಗಾದರೆ ದನಿ ಪೂರ್ತಿ ಹೋಗಿಲ್ಲ ಅಂತ ತಾನೆ?” ಎಂದು ಕೇಳಿದ.

ಇಲ್ಲಿಯೇ ಮೊದಲನೆಯ ಪಾಠವಿದೆ. ಆ ಬೀಪ್ ಬರುವುದು ಮದರ್‌ಬೋರ್ಡಿಗೆ ನೇರವಾಗಿ ಸೇರಿದ ಪುಟ್ಟ ಗಂಟಲಿನಿಂದ. ಗಣಕವು ತಾನು ಎಚ್ಚೆತ್ತಿದ್ದೇನೆಂದು ಹೇಳಿಕೊಳ್ಳುವ ಸದ್ದು ಅದು. ಹಾಡುವ, ಓದುವ ದನಿಯ ಯಂತ್ರವೇ ಬೇರೆ. ಅದನ್ನು ಸೌಂಡ್ ಕಾರ್ಡ್ ಎನ್ನುತ್ತಾರೆ. ನಂತರದ ಗಣಕಗಳಲ್ಲಿ ಅದು ಬೇರೆ ಹಲಗೆಯಾಗಿರದೆ ಮದರ್‌ಬೋರ್ಡಿನಲ್ಲೇ ಅಡಕವಾಗಿರುತ್ತದೆ. ಬೀಪ್ ಕೇಳಿತೆಂದು ಸೌಂಡ್ ಕಾರ್ಡ್ ಸರಿಯಾಗಿದೆ ಎನ್ನಲಾಗದು, ಕೇಳದಿದ್ದರೆ ಕೆಟ್ಟಿದೆ ಎನ್ನಲೂ ಆಗದು.

ಇನ್ನು ಡ್ರೈವರ್ ಎಂದರೇನು? ಇತಿಹಾಸದ ವಿದ್ಯಾರ್ಥಿಗೆ ಹೊಳೆಯುವ ಹೋಲಿಕೆ ದುಭಾಷಿಯದು. ಕಂಪನಿ ಸರ್ಕಾರದ ದೊರೆಗೆ ರೈತನ ಮಾತು ತಿಳಿಯದು, ರೈತನಿಗೆ ದೊರೆಯ ಮಾತು ತಿಳಿಯದು; ನಡುವೆ ನಿಂತ ದುಭಾಷಿಯಿಂದಲೇ ವ್ಯವಹಾರ ಸಾಗಬೇಕು. ಹಾಗೆಯೇ ವಿಂಡೋಸಿಗೂ ಸೌಂಡ್ ಕಾರ್ಡಿಗೂ ನಡುವೆ ನಿಲ್ಲುವ ಸಣ್ಣ ತಂತ್ರಾಂಶವೇ ಡ್ರೈವರ್. ಅದರ ಕೆಲಸವೇನೂ ಹಗುರವಲ್ಲ. ಸಿ.ಡಿ. ಮಟ್ಟದ ಧ್ವನಿಗೆ ಸೆಕೆಂಡಿಗೆ 44,100 ಸಲ ಅಲೆಯ ಎತ್ತರವನ್ನು ಅಳೆದಿರುತ್ತಾರೆ. ಪ್ರತಿ ಅಳತೆಗೆ 2 ಬೈಟು, ಎಡಕ್ಕೊಂದು ಬಲಕ್ಕೊಂದು ಎಂದು ಎರಡು ಸಾಲು. ಒಟ್ಟು ಸೆಕೆಂಡಿಗೆ 1,76,400 ಬೈಟು. ಇಷ್ಟನ್ನೂ ತಡವಿಲ್ಲದೆ ಸೌಂಡ್ ಕಾರ್ಡಿನ ಬಾಗಿಲಿಗೆ ಮುಟ್ಟಿಸುತ್ತಿರಬೇಕು. ಒಂದು ಕ್ಷಣ ತಡವಾದರೆ ಮಾತು ತೊದಲುತ್ತದೆ.

ಹಿಂದಿನವರ ಕಷ್ಟ ಇನ್ನೂ ಹೆಚ್ಚಿನದು. ಸಿಂಗಪುರದ ಕ್ರಿಯೇಟಿವ್ ಸಂಸ್ಥೆಯು 1989ರಲ್ಲಿ ಸೌಂಡ್ ಬ್ಲಾಸ್ಟರ್ ಎಂಬ ಕಾರ್ಡನ್ನು ಹೊರತಂದಿತು. ಆ ಕಾಲದ ಕಾರ್ಡುಗಳಲ್ಲಿ ವಿಳಾಸ 220, ಕರೆಗಂಟೆ 5, ಸಾಗಣೆದಾರಿ 1 ಎಂಬಂಥ ಸಂಖ್ಯೆಗಳನ್ನು ಬಳಸುವವನೇ ಗೊತ್ತುಮಾಡಬೇಕಾಗಿತ್ತು. ಹಲಗೆಯ ಮೇಲಿನ ಪುಟ್ಟ ತಂತಿಗೊಂಡಿಗಳನ್ನು ಕಿತ್ತು ಬೇರೆಡೆಗೆ ಸಿಕ್ಕಿಸಿ ಆ ಸಂಖ್ಯೆಗಳನ್ನು ಬದಲಾಯಿಸುತ್ತಿದ್ದರು. ಒಂದೇ ಸಂಖ್ಯೆಯನ್ನು ಬೇರೊಂದು ಸಾಧನವೂ ಹಿಡಿದಿದ್ದರೆ ದನಿ ಬರದು. ಕೆಲವೊಮ್ಮೆ ಗಣಕವೇ ಸ್ತಬ್ಧವಾಗುವುದು. 1995ರಲ್ಲಿ ಬಂದ ವಿಂಡೋಸ್ 95ರಿಂದ ಮುಂದಕ್ಕೆ ಈ ಹಂಚಿಕೆಯನ್ನು ಗಣಕವೇ ಮಾಡತೊಡಗಿತು. ಆದರೆ ದುಭಾಷಿಯನ್ನು ಹುಡುಕಿ ತರುವ ಕೆಲಸ ಮಾತ್ರ ನಮಗೇ ಉಳಿಯಿತು.

ಈಗ ಸ್ನೇಹಿತನ ಗಣಕಕ್ಕೆ ಬರೋಣ. ವಿಂಡೋಸ್ ಕೀಲಿಯನ್ನೂ ಆರ್ ಕೀಲಿಯನ್ನೂ ಒಟ್ಟಿಗೆ ಒತ್ತಿ, ತೆರೆದ ಪೆಟ್ಟಿಗೆಯಲ್ಲಿ ಡಿ, ಇ, ವಿ, ಎಂ, ಜಿ, ಎಂ, ಟಿ, ಚುಕ್ಕಿ, ಎಂ, ಎಸ್, ಸಿ ಎಂಬ ಅಕ್ಷರಗಳನ್ನು ಬರೆದು ಎಂಟರ್ ಕೀಲಿ ಒತ್ತಿದರೆ ಡಿವೈಸ್ ಮ್ಯಾನೇಜರ್ ತೆರೆಯುತ್ತದೆ. ಗಣಕದೊಳಗಿನ ಎಲ್ಲ ಸಾಧನಗಳ ಹಾಜರಿ ಪುಸ್ತಕ ಇದು. ಅಲ್ಲಿ ‘ಮಲ್ಟಿಮೀಡಿಯ ಆಡಿಯೊ ಕಂಟ್ರೋಲರ್’ ಎಂಬ ಹೆಸರಿನ ಮುಂದೆ ಹಳದಿ ಪ್ರಶ್ನಾರ್ಥಕ ಚಿಹ್ನೆ ಇತ್ತು. ಒಳಗೆ ‘ಕೋಡ್ 28’ ಎಂದು ಬರೆದಿತ್ತು. ಸಾಧನ ಇದೆ, ಡ್ರೈವರ್ ಇಲ್ಲ ಎಂಬುದು ಇದರ ಅರ್ಥ. ಇದಕ್ಕೆ ಕಾರಣವೂ ಸರಳ. ಎಕ್ಸ್‌ಪಿಯ ತಟ್ಟೆ 2001ರದು. ಅವನ ಮದರ್‌ಬೋರ್ಡಿನ ಚಿಪ್ಪು 2003ರದು. ಎರಡು ವರ್ಷದ ಬಳಿಕ ಹುಟ್ಟಿದವನ ಹೆಸರು ಹಳೆಯ ಹಾಜರಿ ಪುಸ್ತಕದಲ್ಲಿ ಹೇಗೆ ಇದ್ದೀತು?

ನಾನು ಮಾಡಿದ ತಪ್ಪು ಇನ್ನು ಬರುತ್ತದೆ. ಜೆ.ಪಿ. ನಗರದ ನಮ್ಮ ಬಂಧುಗಳ ಮನೆಯಲ್ಲಿ ಅಂಥದೇ ಒಂದು ಹಳೆಯ ಗಣಕವಿತ್ತು. ಅದರಲ್ಲಿಯೂ ‘ಎಸಿ 97’ ಎಂದಿತ್ತು, ಇದರಲ್ಲಿಯೂ ‘ಎಸಿ 97’. ಎರಡೂ ಒಂದೇ ಎಂದು ತೀರ್ಮಾನಿಸಿ ಅಲ್ಲಿಯ ಡ್ರೈವರನ್ನು ಪೆನ್‌ಡ್ರೈವಿನಲ್ಲಿ ತಂದೆನು. “ಇದು ನಿಮ್ಮ ಸಾಧನಕ್ಕೆ ಹೊಂದುವುದೆಂದು ಖಚಿತವಿಲ್ಲ, ಬೇಡ” ಎಂಬ ಅರ್ಥದ ಎಚ್ಚರಿಕೆಯನ್ನು ವಿಂಡೋಸ್ ಕೊಟ್ಟಿತು. ಬುದ್ಧಿವಂತನಾದ ನಾನು ಅದನ್ನು ಲಕ್ಷಿಸದೆ ಒಪ್ಪಿಗೆ ಒತ್ತಿದೆನು. ಕೋಡ್ 28 ಹೋಗಿ ಕೋಡ್ 10 ಬಂತು. ಸಾಧನವು ಹೊರಡಲಾರದು ಎಂದು ಅದರ ಅರ್ಥ. ಇಂಥ ವೇಳೆಯಲ್ಲಿ ಆ ಸಾಧನದ ಹೆಸರನ್ನು ಆರಿಸಿ ‘ಅನ್‌ಇನ್‌ಸ್ಟಾಲ್’ ಮಾಡಿ ಗಣಕವನ್ನು ಮತ್ತೆ ಹೊತ್ತಿಸಬೇಕು. ಹಾಗೆ ಮಾಡಿ ಮತ್ತೆ ಕೋಡ್ 28ಕ್ಕೆ ಬಂದು ನಿಂತೆನು. ಸಂಜೆಯಾಯಿತು. ದನಿ ಬರಲಿಲ್ಲ.

‘ಎಸಿ 97’ ಎಂಬುದು ಒಂದು ಕಾರ್ಡಿನ ಹೆಸರಲ್ಲ. ಇಂಟೆಲ್ ಸಂಸ್ಥೆ 1997ರಲ್ಲಿ ಹೊರಡಿಸಿದ ಒಂದು ಪದ್ಧತಿಯ ಹೆಸರು ಎಂಬುದು ನನಗೆ ಆಗ ತಿಳಿದಿರಲಿಲ್ಲ. ಕುಲದ ಹೆಸರನ್ನು ಹಿಡಿದು ವ್ಯಕ್ತಿಯನ್ನು ಗುರುತಿಸಲು ಹೊರಟಂತಾಗಿತ್ತು ನನ್ನ ಕೆಲಸ.

ಹೊರಡುವಾಗ ಸ್ನೇಹಿತ ಒಂದು ಮಾತು ಕೇಳಿದ. “ನೀನು ನಾಳೆ ಬಂದು ಸರಿಮಾಡುತ್ತೀಯ, ಸಂತೋಷ. ಮುಂದಿನ ವರ್ಷ ಮತ್ತೆ ಹೋದರೆ? ಅರ್ಧರಾತ್ರಿಯಲ್ಲಿ ಹೋದರೆ? ದನಿ ಬರಿಸುವುದಕ್ಕೆ ಪರದೆ ಓದಬೇಕು; ಪರದೆ ಓದುವುದಕ್ಕೆ ನನಗೆ ದನಿ ಬೇಕು. ಈ ಗಂಟನ್ನು ನಾನೇ ಬಿಚ್ಚುವ ಹಾಗೆ ಏನಾದರೂ ಇದೆಯೇನೋ?”

ನನ್ನಲ್ಲಿ ಉತ್ತರವಿರಲಿಲ್ಲ. ಆ ರಾತ್ರಿ ಹುಡುಕಿದ ಮೇಲೆ ಸಿಕ್ಕಿತು. ಯುಎಸ್‌ಬಿ ಕಿಂಡಿಗೆ ಸಿಕ್ಕಿಸುವ ಧ್ವನಿಸಾಧನಗಳಿಗೆಂದು 1998ರಲ್ಲಿಯೇ ಒಂದು ಸಾಮಾನ್ಯ ನಿಯಮಾವಳಿಯನ್ನು ಗೊತ್ತುಮಾಡಿದ್ದಾರೆ. ಆ ನಿಯಮದಂತೆ ನಡೆಯುವ ಸಾಧನ ಯಾವ ತಯಾರಕರದಾದರೂ ಆಗಲಿ, ಅದಕ್ಕೆ ಬೇಕಾದ ಡ್ರೈವರ್ ಎಕ್ಸ್‌ಪಿಯ ಒಳಗೇ ಇದೆ. ತಟ್ಟೆಯೂ ಬೇಡ, ಪರದೆಯೂ ಬೇಡ.

ಮರುದಿನ ಇಬ್ಬರೂ ಬನಶಂಕರಿ ನಿಲ್ದಾಣದಲ್ಲಿ ಹಸಿರು ಮಾರ್ಗದ ಮೆಟ್ರೊ ಹತ್ತಿದೆವು. ನಿಲ್ದಾಣಗಳ ಹೆಸರನ್ನು ರೈಲು ಕೂಗಿ ಹೇಳುತ್ತಿತ್ತು. ಮಾತಿನಲ್ಲಿ ಮುಳುಗಿದ್ದ ನನ್ನನ್ನು ಕೃಷ್ಣರಾಜೇಂದ್ರ ಮಾರುಕಟ್ಟೆ ಬಂತೆಂದು ಎಬ್ಬಿಸಿದವನು ಅವನೇ. ಅಲ್ಲಿಂದ ಎಸ್.ಪಿ. ರಸ್ತೆಗೆ ನಡೆದು, ಬೆರಳುದ್ದದ ಒಂದು ಯುಎಸ್‌ಬಿ ಸೌಂಡ್ ಅಡಾಪ್ಟರನ್ನು ಕೊಂಡು ತಂದೆವು.

ಮನೆಗೆ ಬಂದು ಅದನ್ನು ಕಿಂಡಿಗೆ ಸಿಕ್ಕಿಸಿ, ಇಯರ್‌ಫೋನನ್ನು ಅದಕ್ಕೆ ಜೋಡಿಸಿ, ಅರ್ಧ ನಿಮಿಷ ಕಾದೆವು. ಬಳಿಕ ಅವನು ಕಂಟ್ರೋಲ್, ಆಲ್ಟ್, ಎನ್ ಎಂಬ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದ. ಎನ್‌ವಿಡಿಎಯನ್ನು ಹೊಸದಾಗಿ ಹೊರಡಿಸುವ ಕ್ರಮವಿದು. ಅವನ ಮುಖ ನೋಡಿಯೇ ನನಗೆ ತಿಳಿಯಿತು, ಮಾತು ಬಂದಿದೆ ಎಂದು. “ನೀನು ಕೈ ಕಟ್ಟಿಕೊಂಡು ಕೂತಿರು. ಉಳಿದದ್ದನ್ನು ನಾನು ಮಾಡುತ್ತೇನೆ,” ಎಂದ.

ಅವನು ಮಾಡಿದ ಕ್ರಮವನ್ನೇ ಇಲ್ಲಿ ಬರೆಯುತ್ತೇನೆ; ಕಣ್ಣಿರುವವರಿಗೂ ಇದೇ ಕ್ರಮ.

ಮೊದಲನೆಯದು, ಗುರುತು ಹಿಡಿಯುವುದು. ಡಿವೈಸ್ ಮ್ಯಾನೇಜರಿನಲ್ಲಿ ಪ್ರಶ್ನಾರ್ಥಕವಿರುವ ಸಾಧನದ ಮೇಲೆ ಎಂಟರ್ ಒತ್ತಿ, ‘ಡೀಟೇಲ್ಸ್’ ಪುಟಕ್ಕೆ ಹೋಗಬೇಕು. ಅಲ್ಲಿ ‘ವಿಇಎನ್’ ಎಂಬುದರ ಮುಂದೆ ತಯಾರಕರ ಸಂಖ್ಯೆಯೂ ‘ಡಿಇವಿ’ ಎಂಬುದರ ಮುಂದೆ ಸಾಧನದ ಸಂಖ್ಯೆಯೂ ಇರುತ್ತವೆ. ಇವನ ಗಣಕದಲ್ಲಿ ತಯಾರಕರ ಸಂಖ್ಯೆ 8086, ಎಂದರೆ ಇಂಟೆಲ್. ಸಾಧನದ ಸಂಖ್ಯೆಯನ್ನು ಅವನು ಒಂದೊಂದೇ ಅಕ್ಷರವಾಗಿ ಓದಿಸಿಕೊಂಡ: ಎರಡು, ನಾಲ್ಕು, ಡಿ, ಐದು.

“ನಿನ್ನೆ ನೀನು ತಂದ ಡ್ರೈವರ್ ಯಾವ ಸಂಖ್ಯೆಗೆ?” ಎಂದ.

ಡ್ರೈವರಿನ ಜೊತೆ ‘ಐಎನ್‌ಎಫ್’ ಎಂಬ ಕಡತ ಬರುತ್ತದೆ. ಇದು ನೋಟ್‌ಪ್ಯಾಡಿನಲ್ಲಿ ಓದಬಹುದಾದ ಸಾದಾ ಬರಹ. ಈ ಡ್ರೈವರ್ ಯಾವ ಯಾವ ಸಾಧನಗಳಿಗೆ ಸಲ್ಲುತ್ತದೆ ಎಂಬ ಪಟ್ಟಿ ಅದರಲ್ಲಿರುತ್ತದೆ. ನಿನ್ನೆಯದನ್ನು ತೆರೆದು ಕೇಳಿದ. ಎರಡು, ನಾಲ್ಕು, ಸಿ, ಐದು. “ಸಿ ಅಲ್ಲ ಕಣೋ, ನನ್ನದು ಡಿ!” ಎಂದು ನಕ್ಕ. ನನ್ನ ಎರಡು ಕಣ್ಣುಗಳೂ ಜಾರಿ ಹೋದ ಆ ಒಂದು ಅಕ್ಷರವನ್ನು ಅವನ ಕಿವಿ ಹಿಡಿದಿತ್ತು.

ಎರಡನೆಯದು, ಸರಿಯಾದ ಡ್ರೈವರನ್ನು ತರುವುದು. ಮದರ್‌ಬೋರ್ಡಿನ ಮೇಲೆ ಅದರ ಮಾದರಿಯ ಹೆಸರು ಅಚ್ಚಾಗಿರುತ್ತದೆ. ಬೇರೊಂದು ಗಣಕದಲ್ಲಿ ಅದರ ತಯಾರಕರ ತಾಣದಿಂದಲೇ ಡ್ರೈವರನ್ನು ಇಳಿಸಿಕೊಂಡು, ಪೆನ್‌ಡ್ರೈವಿನಲ್ಲಿ ತರಬೇಕು. ಎಲ್ಲಿಂದಲೋ ಸಿಕ್ಕಿದ್ದನ್ನು ತರಬಾರದು. ತಂದ ಮೇಲೆ ಐಎನ್‌ಎಫ್ ಕಡತದಲ್ಲಿ ನಮ್ಮ ಸಂಖ್ಯೆ ಇದೆಯೇ ಎಂದು ಮೊದಲು ನೋಡಬೇಕು. ಈ ಬಾರಿ ಇತ್ತು.

ಮೂರನೆಯದು, ಅನುಸ್ಥಾಪನೆ. ಸಾಧನದ ‘ಡ್ರೈವರ್’ ಪುಟದಲ್ಲಿ ‘ಅಪ್‌ಡೇಟ್ ಡ್ರೈವರ್’ ಆರಿಸಬೇಕು. ಅಂತರ್ಜಾಲದಲ್ಲಿ ಹುಡುಕಲೇ ಎಂದು ಕೇಳಿದರೆ ಬೇಡವೆನ್ನಬೇಕು. ‘ನಿರ್ದಿಷ್ಟ ಸ್ಥಳದಿಂದ’ ಎಂಬ ಅರ್ಥದ ಎರಡನೆಯ ಆಯ್ಕೆಯನ್ನು ಹಿಡಿದು ಕಡತವಿರುವ ಜಾಗ ತೋರಿಸಬೇಕು. ಮುಗಿದ ಬಳಿಕ ಗಣಕವನ್ನು ಆರಿಸಿ ಹೊತ್ತಿಸಬೇಕು.

ನಾಲ್ಕನೆಯದು, ಪರೀಕ್ಷೆ. ಡ್ರೈವರ್ ಸರಿಯಾಗಿದ್ದೂ ದನಿ ಬರದಿದ್ದರೆ ಮೂರು ಕಡೆ ನೋಡಬೇಕು: ‘ವಿಂಡೋಸ್ ಆಡಿಯೊ’ ಎಂಬ ಸೇವೆ ನಡೆಯುತ್ತಿದೆಯೆ, ಧ್ವನಿಯ ಪೆಟ್ಟಿಗೆಯಲ್ಲಿ ‘ಮ್ಯೂಟ್’ ಗುರುತು ಬಿದ್ದಿದೆಯೆ, ಸ್ಪೀಕರಿನ ತಂತಿ ಹಸಿರು ಕಿಂಡಿಯಲ್ಲಿದೆಯೆ. ನಮ್ಮಲ್ಲಿ ಇವೆಲ್ಲ ಸರಿಯಾಗಿದ್ದುವು. ಅವನು ಅಡಾಪ್ಟರನ್ನು ಕಿತ್ತು, ಮತ್ತೆ ಆ ಮೂರು ಕೀಲಿಗಳನ್ನು ಒತ್ತಿದ. ಮೇಜಿನ ಮೇಲಿನ ಹಳೆಯ ಸ್ಪೀಕರುಗಳು ಮಾತನಾಡಿದುವು. ಅಡಿಗೆಮನೆಯಿಂದ ಅವನ ತಾಯಿ, “ಬಂತೇನಪ್ಪಾ?” ಎಂದು ಕೇಳುತ್ತಲೇ ಈಚೆಗೆ ಬಂದರು.

ಆಮೇಲೆ ಅವನು ಮಾಡಿದ ಒಂದು ಕೆಲಸ ನನಗೆ ಎಲ್ಲಕ್ಕಿಂತ ಹಿಡಿಸಿತು. ಒಂದು ದಪ್ಪ ಕಾಗದದ ಮೇಲೆ ಆ ಸಂಖ್ಯೆಯನ್ನೂ ಡ್ರೈವರ್ ಇಟ್ಟಿರುವ ಜಾಗವನ್ನೂ ಬ್ರೈಲ್ ಲಿಪಿಯಲ್ಲಿ ಚುಚ್ಚಿ, ಗಣಕದ ಪಕ್ಕಕ್ಕೆ ಅಂಟಿಸಿದ. ಅಡಾಪ್ಟರನ್ನು ಮೇಜಿನ ಎಡಗಡೆಯ ಸೆಳೆಖಾನೆಯಲ್ಲಿ ಇಟ್ಟ. “ಇನ್ನು ಅರ್ಧರಾತ್ರಿಯಲ್ಲಿ ಹೋದರೂ ನಿನ್ನನ್ನು ಎಬ್ಬಿಸುವುದಿಲ್ಲ,” ಎಂದ. ಪರೀಕ್ಷೆಗೆ ಇನ್ನೂ ಕೆಲವು ದಿನಗಳಿದ್ದುವು.

ಸಹಾಯ ಮಾಡಬೇಕೆಂದು ಹೋದವನು ನಾನು. ಮೊದಲ ದಿನ ಡ್ರೈವರ್ ಸರಿಯಾಗಿಯೇ ಸಿಕ್ಕಿದ್ದರೆ ಸಂತೋಷದಿಂದ ಮನೆಗೆ ಹಿಂದಿರುಗುತ್ತಿದ್ದೆ. ಅವನು ಮುಂದಿನ ಸಲಕ್ಕೂ ನನ್ನನ್ನೇ ಕಾಯುತ್ತ ಕುಳಿತಿರಬೇಕಾಗುತ್ತಿತ್ತು. ಕೆಟ್ಟದ್ದನ್ನು ಸರಿಮಾಡಿಕೊಡುವುದು ಒಂದು ಉಪಕಾರ. ಸರಿಮಾಡಿಕೊಳ್ಳುವ ದಾರಿಯನ್ನು ಅವರ ಕೈಗೇ ಕೊಡುವುದು ಅದಕ್ಕಿಂತ ದೊಡ್ಡದು.

ಕೊನೆಯದಾಗಿ ಒಂದು ಬಿನ್ನಹ. ನಮ್ಮ ಗ್ರಂಥಾಲಯದ ಗಣಕಗಳಲ್ಲಿ ಒಂದರಲ್ಲಾದರೂ ಎನ್‌ವಿಡಿಎ ತಂತ್ರಾಂಶವನ್ನು ಹಾಕಿಸಿ, ಪಕ್ಕದಲ್ಲಿ ಒಂದು ಇಯರ್‌ಫೋನನ್ನೂ ಒಂದು ಯುಎಸ್‌ಬಿ ಅಡಾಪ್ಟರನ್ನೂ ಇರಿಸಿದರೆ ಹೆಚ್ಚಿನ ಖರ್ಚೇನೂ ಆಗದು. ಆ ಕುರ್ಚಿಯಲ್ಲಿ ಬಂದು ಕೂರುವವರು ಯಾರ ಕಣ್ಣನ್ನೂ ಎರವಲು ಕೇಳದೆ ಓದಬಹುದು.