ತರಗತಿಯ ಗಳಿಗೆ ಬಟ್ಟಲು

ಶಾಲೆಯ ಗಂಟೆಗೆ ಒಂದು ಕುಂದುಂಟು: ಕಾಲ ಮುಗಿದ ಮೇಲಲ್ಲದೆ ಅದು ಬಾಯಿ ತೆರೆಯುವುದಿಲ್ಲ. ಪೀರಿಯಡ್ಡಿನ ಆದಿಯನ್ನೂ ಅಂತ್ಯವನ್ನೂ ಅದು ಸಾರುವುದೇ ಹೊರತು, ನಡುವಣ ನಲವತ್ತು ನಿಮಿಷಗಳಲ್ಲಿ ಸಂದುದೆಷ್ಟು, ಉಳಿದುದೆಷ್ಟು ಎಂಬ ವಾರ್ತೆಯನ್ನು ಯಾರಿಗೂ ಅರುಹದು. ಆ ವಾರ್ತೆ ಅಧ್ಯಾಪಕನ ಕೈಗಡಿಯಾರದಲ್ಲಿ ಇರುವುದು ನಿಜ. ಆದರೆ ಅದು ಅವನೊಬ್ಬನ ಸೊತ್ತು. "ಇನ್ನು ಐದು ನಿಮಿಷ" ಎಂದು ಅವನು ನುಡಿದರೆ, ಅವನ ಪ್ರಸನ್ನತೆಗೂ ಕೋಪಕ್ಕೂ ತಕ್ಕಂತೆ ಆ ಐದು ಮೂರಾಗಲೂ ಬಹುದು, ಹನ್ನೆರಡಾಗಲೂ ಬಹುದು ಎಂಬುದನ್ನು ಮಕ್ಕಳು ಒಂದನೆಯ ತರಗತಿಯಿಂದಲೇ ಅರಿತಿರುತ್ತಾರೆ. ತರಗತಿಯ ಕಾಲವನ್ನು ಎಲ್ಲರ ಕಣ್ಣಿಗೂ ಕಾಣುವಂತೆ ಗೋಡೆಯ ಮೇಲಿಟ್ಟರೆ ಏನಾಗುವುದೆಂಬ ಕುತೂಹಲದಿಂದ ನಾನು ಕೆಲವು ವರ್ಷಗಳಿಂದ ನಡೆಸಿಕೊಂಡು ಬಂದ ಪ್ರಯೋಗಗಳ ಫಲವನ್ನು ಇಲ್ಲಿ ನಿವೇದಿಸುತ್ತಿದ್ದೇನೆ.

ನಾನಿರುವುದು ಮೊಗ್ರಾಲಿನಲ್ಲಿ. ಕುಂಬಳೆಗೂ ಕಾಸರಗೋಡಿಗೂ ನಡುವೆ, ಹೊಳೆ, ಕಡಲು, ಹೆದ್ದಾರಿ, ರೈಲುಹಳಿಗಳೆಲ್ಲ ಒತ್ತೊತ್ತಾಗಿರುವ ಊರು ಇದು. ಮಾಪಿಳ್ಳೆ ಹಾಡುಗಳಿಂದಾಗಿ 'ಇಶಲ್ ಗ್ರಾಮ'ವೆಂದು ಹೆಸರಾದುದು, ಕಾಲ್ಚೆಂಡಾಟದ ಹುಚ್ಚಿಗೂ ಅಷ್ಟೇ ಹೆಸರಾದುದು. ಈ ಸೀಮೆಯ ಸರಕಾರಿ ಪ್ರೌಢಶಾಲೆಯೊಂದರ ಕನ್ನಡ ಮಾಧ್ಯಮ ವಿಭಾಗದಲ್ಲಿ ಭೌತಶಾಸ್ತ್ರ ಕಲಿಸುವುದು ನನ್ನ ವೃತ್ತಿ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಮೇಲೂ ಇಲ್ಲಿ ಕನ್ನಡ ಮಾಧ್ಯಮ ಉಳಿದು ಬಂದಿರುವುದರಿಂದ, ನನ್ನ ಮುಂದೆ ಕುಳಿತುಕೊಳ್ಳುವ ಮಕ್ಕಳು ಮನೆಯಲ್ಲಿ ತುಳುವನ್ನೋ ಮಲೆಯಾಳವನ್ನೋ ಕೊಂಕಣಿಯನ್ನೋ ಮರಾಠಿಯನ್ನೋ ಆಡಿ, ಪುಸ್ತಕದಲ್ಲಿ ಕನ್ನಡವನ್ನು ಓದಿ, ಆಟದ ಬಯಲಿನಲ್ಲಿ ಎಲ್ಲವನ್ನೂ ಬೆರೆಸುವವರು. ಇಂಥ ತರಗತಿಯಲ್ಲಿ ಗುಂಪು ಚರ್ಚೆಗೆ ಅವಕಾಶವಿತ್ತರೆ, ಯಾವ ಮಾತಿನಲ್ಲಿ ಚರ್ಚಿಸುವುದೆಂಬ ಒಪ್ಪಂದಕ್ಕೇ ಮೊದಲ ಎರಡು ನಿಮಿಷ ವ್ಯಯವಾಗುತ್ತವೆ. ಕಾಲವನ್ನು ಮಾತಿನಿಂದಲ್ಲದೆ ಆಕೃತಿಯಿಂದ ತೋರಿಸುವ ಸಾಧನ ಇಲ್ಲಿಗೆ ಒಪ್ಪುವುದೆಂದು ನನಗೆ ತೋರಿದುದಕ್ಕೆ ಅದೂ ಒಂದು ಕಾರಣ.

ಸಲಕರಣೆಗೆ ಕೊರತೆ ಇರಲಿಲ್ಲ. 2018ರಲ್ಲಿ ಕೇರಳ ಸರಕಾರವು ಹೈಟೆಕ್ ಶಾಲಾ ಯೋಜನೆಯ ಮೂಲಕ ಎಂಟರಿಂದ ಹನ್ನೆರಡರವರೆಗಿನ ಸುಮಾರು 45,000 ತರಗತಿ ಕೋಣೆಗಳಿಗೆ ಲ್ಯಾಪ್‌ಟಾಪ್, ಪ್ರೊಜೆಕ್ಟರ್, ಧ್ವನಿವರ್ಧಕಗಳನ್ನು ಒದಗಿಸಿದುದರ ಪಾಲು ನಮಗೂ ಬಂದಿತ್ತು. ಇಳಿಯೆಣಿಕೆಯ ಗಡಿಯಾರವನ್ನು ಪರದೆಯ ಮೇಲೆ ಮೂಡಿಸುವುದಕ್ಕೆ ಆ ಲ್ಯಾಪ್‌ಟಾಪಿನಲ್ಲಿ ಚಿಕ್ಕಾಸಿನ ಖರ್ಚಿಲ್ಲ. ಮೊದಲು ನಾನು ಮೂಡಿಸಿದುದು ಗೋಡೆಯಷ್ಟಗಲದ ಅಂಕೆಗಳನ್ನು: ಐದು ನಿಮಿಷದಿಂದ ತೊಡಗಿ ಸೆಕೆಂಡು ಸೆಕೆಂಡಾಗಿ ಇಳಿಯುವಂಥವು. ತರಗತಿ ಮೌನವಾಯಿತು, ಆದರೆ ಅದು ಓಮನ ನಿಯಮದ ಲೆಕ್ಕದಲ್ಲಿ ಮಗ್ನವಾದವರ ಮೌನವಾಗಿರದೆ, ಅಂಕೆಗಳು ಉದುರುವುದನ್ನು ನೋಡುತ್ತ ಕುಳಿತವರ ಮೌನವಾಗಿತ್ತು. ಕೊನೆಯ ಹತ್ತು ಸೆಕೆಂಡುಗಳನ್ನಂತೂ ಇಡೀ ತರಗತಿ ಏಕಕಂಠದಿಂದ, ಶ್ರೀಹರಿಕೋಟದಿಂದ ರಾಕೆಟ್ಟು ಹಾರುವುದೋ ಎಂಬಂತೆ, ಎಣಿಸಿ ಚಪ್ಪಾಳೆ ತಟ್ಟಿತು. ಪಕ್ಕದ ಕೋಣೆಯ ಟೀಚರು ಬಾಗಿಲಿಗೆ ಬಂದು ಇಣುಕಿ ಹೋದರು.

ಇದನ್ನು ಕಂಡಾಗ ನನಗೆ ನೆನಪಾದುದು ಲೀಲಾವತಿಯ ಕಥೆ. ನಮ್ಮ ಹಿರಿಯರು ಮುಹೂರ್ತವನ್ನು ನಿರ್ಣಯಿಸುತ್ತಿದ್ದುದು ಗಳಿಗೆ ಬಟ್ಟಲಿನಿಂದ. ತಳದಲ್ಲಿ ಸೂಕ್ಷ್ಮ ರಂಧ್ರವುಳ್ಳ ತಾಮ್ರದ ಬಟ್ಟಲನ್ನು ನೀರಿನ ಮೇಲೆ ತೇಲಬಿಟ್ಟರೆ, ನೀರು ಒಳಗೆ ಏರುತ್ತ ಏರುತ್ತ 24 ನಿಮಿಷಗಳಿಗೆ, ಅಂದರೆ ಒಂದು ಗಳಿಗೆಗೆ, ಸರಿಯಾಗಿ ಅದು ಮುಳುಗುವುದು. ಭಾಸ್ಕರಾಚಾರ್ಯನು ತನ್ನ ಮಗಳ ವಿವಾಹಕ್ಕೆ ಇಂಥ ಬಟ್ಟಲನ್ನು ಇರಿಸಿದನೆಂದೂ, ಅವಳು ಕುತೂಹಲ ತಾಳಲಾರದೆ ಬಾಗಿ ನೋಡಿದಾಗ ಆಭರಣದ ಮುತ್ತೊಂದು ಕಳಚಿ ಬಿದ್ದು ರಂಧ್ರವನ್ನು ಮುಚ್ಚಿತೆಂದೂ, ಮುಹೂರ್ತ ಮೀರಿತೆಂದೂ ಒಂದು ಐತಿಹ್ಯ. ಆ ಮಗಳ ಹೆಸರನ್ನೇ ಹೊತ್ತ 'ಲೀಲಾವತಿ' ಎಂಬ ಗಣಿತಗ್ರಂಥಕ್ಕೆ 1587ರಲ್ಲಿ ಫೈಜಿ ಎಂಬ ಕವಿಯು ಮಾಡಿದ ಪಾರಸಿ ಅನುವಾದದ ಪೀಠಿಕೆಯಲ್ಲಿ ಈ ವೃತ್ತಾಂತವಿದೆ. ಇತಿಹಾಸವೆಂದು ಯಾರೂ ಇದಕ್ಕೆ ಪ್ರಮಾಣ ಕೊಡಲಾರರು. ಆದರೂ, ಉಳಿದ ಕಾಲವನ್ನು ಕಾಣಗೊಡುವ ಯಂತ್ರದ ಕಡೆಗೆ ಬಾಗಿ ನೋಡುವುದೇ ಕೆಲಸವಾಗಿಬಿಟ್ಟರೆ ನಡೆಯಬೇಕಾದ ಕಾರ್ಯ ನಿಲ್ಲುವುದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನವನ್ನು ನಾನರಿಯೆ.

ಅಂಕೆಗಳನ್ನು ತೆಗೆದು ಆಕೃತಿಯನ್ನು ಇಟ್ಟೆ. ಈ ಉಪಾಯ ನನ್ನದಲ್ಲ. ಅಮೆರಿಕದ ಸಿನ್ಸಿನಾಟಿಯ ಜಾನ್ ರೋಜರ್ಸ್ ಎಂಬ ತಾಯಿ, "ಇನ್ನೆಷ್ಟು ಹೊತ್ತು?" ಎಂದು ಪದೇ ಪದೇ ಕೇಳುವ ತನ್ನ ನಾಲ್ಕು ವರ್ಷದ ಮಗಳಿಗಾಗಿ 1990ರ ದಶಕದಲ್ಲಿ ರೂಪಿಸಿದ ಗಡಿಯಾರದಲ್ಲಿ, ಕೆಂಪು ಬಣ್ಣದ ಒಂದು ಬಿಲ್ಲೆ ಸದ್ದಿಲ್ಲದೆ ಕಿರಿದಾಗುತ್ತ ಹೋಗಿ ಕೊನೆಗೆ ಅದೃಶ್ಯವಾಗುವುದು. ಅಂಥದೇ ಕೆಂಪು ವರ್ತುಲವನ್ನು ಪರದೆಯ ಒಂದು ಮೂಲೆಯಲ್ಲಿ, ತಟ್ಟೆಯಷ್ಟು ಗಾತ್ರದಲ್ಲಿ, ಧ್ವನಿಯನ್ನು ಸಂಪೂರ್ಣ ಅಡಗಿಸಿ ಇರಿಸಿದಾಗ ಮಕ್ಕಳ ಕಣ್ಣಿನ ನಡೆಯೇ ಬದಲಾಯಿತು. ಅಂಕೆ ಪ್ರತಿ ಸೆಕೆಂಡಿಗೂ ಬದಲಾಗಿ ಕಣ್ಣನ್ನು ಕರೆಯುತ್ತಿತ್ತು. ವರ್ತುಲವೋ ಕ್ಷಣಮಾತ್ರದಲ್ಲಿ ಏನನ್ನೂ ಹೊಸದಾಗಿ ಹೇಳುವುದಿಲ್ಲವಾದ್ದರಿಂದ, ತಲೆಯೆತ್ತಿ ಒಮ್ಮೆ ನೋಡಿದವನು "ಅರ್ಧ ಉಂಟು" ಎಂದುಕೊಂಡು ಮತ್ತೆ ಪುಸ್ತಕಕ್ಕೆ ಮರಳುತ್ತಿದ್ದನು. ಗುಂಪಿನ ಒಪ್ಪಂದವೂ ಬೇಗನೆ ಆಗತೊಡಗಿತು. ವರ್ತುಲದ ಕಾಲುಭಾಗ ಕರಗುವುದರೊಳಗೆ ಯಾವುದಾದರೂ ಒಂದು ಭಾಷೆ ಗೆದ್ದಿರುತ್ತಿತ್ತು. ಹೆಚ್ಚಿನ ದಿನಗಳಲ್ಲಿ ಗೆಲ್ಲುತ್ತಿದ್ದುದು ತುಳು. ಕನ್ನಡ ವರದಿ ಒಪ್ಪಿಸುವಾಗ ಬರುತ್ತಿತ್ತು.

ಎಂಟನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದನು. ಪಾಠ ತೊಡಗಿದ ಕ್ಷಣದಿಂದಲೇ "ಇನ್ನೆಷ್ಟು ಹೊತ್ತುಂಟು ಮಾಷ್ಟ್ರೇ?" ಎಂದು ಕೇಳುವುದು, ಉತ್ತರ ಕೇಳಿ ಕೂತು ಮತ್ತೆ ಎದ್ದು ಕೇಳುವುದು ಅವನ ಸ್ವಭಾವ. ಉಳಿದವರು ನಗುತ್ತಿದ್ದರು, ಕೆಲವರು ಇದನ್ನು ಉದ್ಧಟತನವೆಂದೇ ಬಗೆದಿದ್ದರು. ವರ್ತುಲ ಬಂದ ಮೇಲೆ ಅವನು ಕೇಳುವುದು ನಿಂತಿತು. ಅದರ ಕೆಂಪನ್ನು ನೋಡುತ್ತ, ಬೆಂಚಿನ ಅಂಚಿನಲ್ಲಿ ಬೆರಳಿನಿಂದ ಅದೇ ಆಕಾರವನ್ನು ಗೀರಿ, ಅಷ್ಟು ಹೊತ್ತು ಕೂರುವುದಕ್ಕೆ ತನ್ನನ್ನು ತಾನೇ ಒಡಂಬಡಿಸಿಕೊಳ್ಳುವಂತೆ ತೋರುತ್ತಿದ್ದನು. ಕಾಲದ ಗತಿಯನ್ನು ಒಳಗಿನಿಂದ ಅರಿಯಲಾರದ ಮಕ್ಕಳು ಎಲ್ಲ ತರಗತಿಗಳಲ್ಲಿಯೂ ಇರುತ್ತಾರೆ. ಅವರ ಪ್ರಶ್ನೆಯಲ್ಲಿರುವುದು ಆಲಸ್ಯವಲ್ಲ, ಭಯ.

ಇದಕ್ಕೆ ಪ್ರತಿಯಾಗಿ ಅದೇ ಸಾಲಿನಲ್ಲಿ ಕುಳಿತಿದ್ದ ಒಬ್ಬಳಿಗೆ ಆ ಕೆಂಪು ಕರಗುವುದನ್ನು ಕಂಡರೆ ಅಂಗೈ ಬೆವರುತ್ತಿತ್ತು. ಅವಳ ಬರವಣಿಗೆ ನಿಧಾನ, ಆದರೆ ತಪ್ಪಿಲ್ಲದ್ದು. ಅವಳನ್ನು ಪರದೆಗೆ ಓರೆಯಾಗುವ ಜಾಗದಲ್ಲಿ ಕೂರಿಸಿ, ಮುಗಿಯದ ಲೆಕ್ಕವನ್ನು ಮಧ್ಯಾಹ್ನ ಕೊಟ್ಟರೆ ಸಾಕೆಂದು ಮೊದಲೇ ಹೇಳಿಬಿಡುವ ರೂಢಿಯನ್ನು ಇಟ್ಟುಕೊಂಡೆ. ಒಂದೇ ಯಂತ್ರ ಒಬ್ಬನಿಗೆ ಅಭಯವೂ ಇನ್ನೊಬ್ಬಳಿಗೆ ಬೆದರಿಕೆಯೂ ಆಗಬಲ್ಲುದೆಂಬುದನ್ನು ಅದನ್ನು ಮಾರುವವರು ಹೇಳುವುದಿಲ್ಲ.

ಆಟಿ ತಿಂಗಳ ಮಳೆಯಲ್ಲಿ ಕರೆಂಟು ಹೋಗುವುದು ನಮ್ಮಲ್ಲಿ ನಿತ್ಯವಿಧಿ. ಪ್ರೊಜೆಕ್ಟರು ಕುರುಡಾದ ಅಂಥದೊಂದು ದಿನ ಮಕ್ಕಳೇ ಮರಳುಗಡಿಯಾರವನ್ನು ಮಾಡೋಣವೆಂದರು. ಒಂದೇ ಅಳತೆಯ ಎರಡು ಸೋಡಾ ಬಾಟಲಿಗಳ ಮುಚ್ಚಳಗಳನ್ನು ಬೆನ್ನಿಗೆ ಬೆನ್ನಾಗಿ ಅಂಟಿಸಿ, ಕಾಸಿದ ಮೊಳೆಯಿಂದ ತೂತು ಕೊರೆದು, ಮೊಗ್ರಾಲಿನ ಕಡಲತೀರದಿಂದ ತಂದ ಮರಳನ್ನು ತುಂಬಿದರು. ಮರಳು ಇಳಿಯಲೇ ಇಲ್ಲ. ಉಪ್ಪಿನ ಅಂಶ ಗಾಳಿಯ ತೇವವನ್ನು ಹೀರಿ ಕಣಗಳನ್ನು ಒಂದಕ್ಕೊಂದು ಅಂಟಿಸಿತ್ತು. ಬಾವಿಯ ನೀರಿನಲ್ಲಿ ಹಲವು ಸಲ ತೊಳೆದು, ಬಾಣಲೆಯಲ್ಲಿ ಹುರಿದು, ಚಹಾ ಸೋಸುವ ಜರಡಿಯಲ್ಲಿ ಜಾಲಿಸಿ ತುಂಬಿದಾಗ ಸರಾಗವಾಗಿ ಇಳಿಯಿತು. ಐದು ನಿಮಿಷಕ್ಕೆ ಸರಿಯಾಗುವಷ್ಟು ಮರಳನ್ನು ಅಳೆದು ಬಿಟ್ಟ ಮೇಲೆ, ಬಾಟಲಿಯ ಹೊರಮೈಗೆ ನಿಮಿಷಕ್ಕೊಂದರಂತೆ ಗೀಟು ಹಾಕಲು ಹೊರಟವರಿಗೆ ಒಂದು ಸೋಜಿಗ ಕಾದಿತ್ತು: ಬಾಟಲಿಯ ನೇರವಾದ ಭಾಗದಲ್ಲಿ ಗೀಟುಗಳೆಲ್ಲ ಸಮಾನ ಅಂತರದಲ್ಲಿದ್ದುವು. ಅದೇ ಬಾಟಲಿಗೆ ನೀರು ಹೊಯ್ದು ತಳದಿಂದ ಹರಿಯಬಿಟ್ಟರೆ ಗೀಟುಗಳು ಕೆಳಕೆಳಗೆ ಹೋದಂತೆ ಒತ್ತೊತ್ತಾಗುತ್ತಿದ್ದುವು. ನೀರಿನ ಮಟ್ಟ ಇಳಿದಂತೆ ಒತ್ತಡ ಕುಗ್ಗಿ ಹರಿವು ಮಂದವಾಗುವುದು. ಮರಳಿನ ಭಾರವನ್ನಾದರೋ ಬಹುಪಾಲು ಬಾಟಲಿಯ ಗೋಡೆಗಳೇ ಹೊರುವುದರಿಂದ, ಮೇಲೆ ಎಷ್ಟಿದ್ದರೂ ಕೊರಳಿನಲ್ಲಿ ಇಳಿಯುವ ವೇಗ ಹೆಚ್ಚುಕಡಿಮೆ ಒಂದೇ. ಒತ್ತಡದ ಪಾಠವನ್ನು ನಾನು ಎಷ್ಟು ವರ್ಷ ಸೀಮೆಸುಣ್ಣದಿಂದ ಕಲಿಸಿದ್ದರೂ ಅದು ಮಕ್ಕಳ ಮನಸ್ಸಿಗೆ ಇಷ್ಟು ನಾಟಿದ್ದನ್ನು ನಾನು ಕಂಡಿರಲಿಲ್ಲ. ಕಾಲವನ್ನು ಉಳಿಸಲೆಂದು ಮಾಡಿದ ಗಡಿಯಾರ ಆ ವಾರದ ಪೀರಿಯಡ್ಡುಗಳನ್ನೆಲ್ಲ ನುಂಗಿದುದು ಬೇರೆ ಮಾತು.

ಕಾಲ್ಚೆಂಡಿನ ಊರಿನ ಮಕ್ಕಳಾದ್ದರಿಂದ ಕೆಂಪು ತೀರಿದೊಡನೆ "ಇಂಜುರಿ ಟೈಮ್ ಇಲ್ವಾ ಮಾಷ್ಟ್ರೇ?" ಎಂಬ ಕೂಗು ಏಳುತ್ತಿತ್ತು. ಕೇಳಿಕೆ ನ್ಯಾಯವಾದುದೇ. ನಡುವೆ ಆಫೀಸಿನಿಂದ ಸೂಚನೆಯ ಪುಸ್ತಕ ಬಂದು ನಾನು ಅದನ್ನು ಓದಿ ಹೇಳಿದ್ದರೆ, ಆ ವ್ಯರ್ಥವಾದ ಕಾಲ ಅವರಿಗೆ ಸಲ್ಲತಕ್ಕದ್ದು. ಆದುದರಿಂದ ಪ್ರತಿದಿನ ಒಬ್ಬರನ್ನು ರೆಫರಿಯನ್ನಾಗಿ ನೇಮಿಸಿ, ಎಷ್ಟು ಸೇರಿಸಬೇಕೆಂಬ ನಿರ್ಣಯವನ್ನು ಅವರಿಗೇ ಬಿಟ್ಟೆ. ಅಧ್ಯಾಪಕನು ಕೊಟ್ಟರೆ ಹತ್ತು ನಿಮಿಷಕ್ಕೂ ಚೌಕಾಸಿ ಮಾಡುವ ಮಕ್ಕಳು, ತಮ್ಮವನೊಬ್ಬನು "ಒಂದೇ ನಿಮಿಷ" ಎಂದರೆ ತುಟಿ ಎರಡು ಮಾಡದೆ ಒಪ್ಪುತ್ತಾರೆ.

ಎಲ್ಲಿ ಬೇಡ ಎಂಬುದನ್ನೂ ಹೇಳಬೇಕು. ಹೊಸ ಪರಿಕಲ್ಪನೆಯೊಂದು ಮಕ್ಕಳ ಮುಖದಲ್ಲಿ ಇನ್ನೂ ಮೂಡುತ್ತಿರುವ ಹೊತ್ತಿಗೆ ಬೇಡ. ಪದ್ಯದ ಪಾಠಕ್ಕೆ ಬೇಡವೆಂದು ನಮ್ಮ ಕನ್ನಡ ಅಧ್ಯಾಪಕರು ಸ್ಪಷ್ಟವಾಗಿಯೇ ಹೇಳಿದರು. ಯಕ್ಷಗಾನದ ಪಾರ್ತಿಸುಬ್ಬನ ಕುಂಬಳೆ ನಮಗೆ ನೆರೆಯದು. ರಾತ್ರಿಯಿಡೀ ನಡೆಯುತ್ತಿದ್ದ ಆಟ ಕಾಲಮಿತಿಗೆ ಇಳಿದುದರಿಂದ ಏನು ಉಳಿಯಿತು, ಏನು ಹೋಯಿತು ಎಂಬ ಚರ್ಚೆ ಅವರ ಮನೆಯ ಜಗಲಿಯಲ್ಲಿ ಇನ್ನೂ ಮುಗಿದಿಲ್ಲವಂತೆ. ಪರೀಕ್ಷೆಯ ಕೋಣೆಗಂತೂ ಬೇಡವೇ ಬೇಡ. ಎಸ್‌ಎಸ್‌ಎಲ್‌ಸಿಯಲ್ಲಿ ಭೌತಶಾಸ್ತ್ರಕ್ಕೆ ಒಂದೂವರೆ ಗಂಟೆ, ಅದಕ್ಕೆ ಮುನ್ನ ಪ್ರಶ್ನೆಗಳನ್ನು ಓದಿಕೊಳ್ಳಲು 15 ನಿಮಿಷಗಳ ಕೂಲ್ ಆಫ್ ಟೈಮ್. ಬರೆಯದೆ ಸುಮ್ಮನೆ ಓದುವ ಆ 15 ನಿಮಿಷಗಳನ್ನು ಸಹಿಸಿಕೊಳ್ಳುವ ಅಭ್ಯಾಸಕ್ಕೆ ಮಾತ್ರ, ಅದೂ ತರಗತಿಯಲ್ಲಿ, ವರ್ತುಲದ ಸಹಾಯ ಪಡೆಯುತ್ತೇನೆ.

ಇನ್ನು ಅಧ್ಯಾಪಕನ ವಿಷಯ. ಚರ್ಚೆಗೆಂದು ಆರು ನಿಮಿಷದ ವರ್ತುಲವನ್ನಿಟ್ಟು, ಮಕ್ಕಳು ಕೆಲಸಕ್ಕೆ ತೊಡಗಿದ ಮೇಲೆಯೂ "ಇನ್ನೊಂದು ಮಾತು" ಎಂದು ನಡುವೆ ಬಾಯಿ ಹಾಕುವ ಚಾಳಿ ನಮ್ಮ ಕುಲಕ್ಕೇ ಉಂಟು. ಕಾಲ ಗೋಡೆಯ ಮೇಲೆ ಇರುವಾಗ ಆ ಮಾತಿಗೆ ಎಷ್ಟು ಕೆಂಪು ಖರ್ಚಾಯಿತೆಂಬುದನ್ನು ಎಲ್ಲರೂ ಕಾಣುತ್ತಾರೆ. ರೆಫರಿ ಅದನ್ನು ಲೆಕ್ಕಕ್ಕೂ ಹಿಡಿಯುತ್ತಾನೆ. ಮಕ್ಕಳನ್ನು ತ್ವರೆಗೊಳಿಸಲು ಈ ಸಾಧನ ಅಷ್ಟೇನೂ ಸಮರ್ಥವಲ್ಲ. ಅಧ್ಯಾಪಕನನ್ನು ಕೊಟ್ಟ ಮಾತಿಗೆ ಕಟ್ಟಿಹಾಕಲು ಇದಕ್ಕೆ ಸಮನಾದುದಿಲ್ಲ.

ಪ್ರೊಜೆಕ್ಟರು ಇಲ್ಲದ ಕೆಳಗಿನ ತರಗತಿಗಳ ಸಹೋದ್ಯೋಗಿಗಳು ಇದಕ್ಕಾಗಿ ಹಣ ವ್ಯಯಿಸಬೇಕಾಗಿಲ್ಲ. ಹಳೆಯ ಕ್ಯಾಲೆಂಡರಿನ ರಟ್ಟಿನಿಂದ ಸಮಾನ ಅಳತೆಯ ಎರಡು ಬಿಲ್ಲೆಗಳನ್ನು, ಒಂದು ಕೆಂಪು ಒಂದು ಬಿಳಿ, ಕತ್ತರಿಸಿಕೊಳ್ಳಿ. ಎರಡನ್ನೂ ಅಂಚಿನಿಂದ ಕೇಂದ್ರದವರೆಗೆ ಸೀಳಿ ಒಂದರೊಳಗೊಂದು ತೂರಿಸಿ. ಗಡಿಯಾರ ನೋಡಿ ನಿಮಿಷಕ್ಕೊಮ್ಮೆ ತಿರುಗಿಸುವ ಕೆಲಸವನ್ನು, ಕೂತಲ್ಲಿ ಕೂರಲಾರದ ಮಗುವಿಗೆ ವಹಿಸಿ. ಆರು ನಿಮಿಷವೆಂದು ಇಟ್ಟರೆ ಆರನ್ನೇ ಕೊಡಿ.