ಹಳೇ ಜಿಪ್ಸಿಗೆ ಹೊಸ ದಮ್ಮು: ಮನೆಯಂಗಳದ ಆರು ಸೂತ್ರಗಳು

1985ರಲ್ಲಿ ನಮ್ಮ ರಸ್ತೆಗಿಳಿದ ಮಾರುತಿ ಜಿಪ್ಸಿಯ ತಯಾರಿಕೆ ನಿಂತು ವರ್ಷಗಳಾದವು. ಮಲೆನಾಡಿನ ಕಾಫಿ ತೋಟಗಳಲ್ಲಿ ಅದು ಇವತ್ತಿಗೂ ದುಡಿಯುತ್ತಿದೆ. ಲ್ಯಾಡರ್ ಫ್ರೇಮ್, ನಾಲ್ಕೂ ಕಡೆ ಲೀಫ್ ಸ್ಪ್ರಿಂಗ್, ಫೋರ್ ವೀಲ್ ಡ್ರೈವ್. ಎಲ್ಲವೂ ಕಣ್ಣಿಗೆ ಕಾಣುತ್ತದೆ, ಕೈಗೆ ಎಟುಕುತ್ತದೆ. 'ನನ್ನಿಂದಾಗುತ್ತಾ?' ಅನ್ನುವುದು ಬರೀ ಅಭ್ಯಾಸ. ಬಿಟ್ಟುಬಿಡಿ. ಈ ಭಾನುವಾರವೇ ಪಾನಾ ಹಿಡಿಯಿರಿ.

1. ತುಕ್ಕಿನಿಂದ ಶುರು ಮಾಡಿ.
ಒಂದು ರೂಪಾಯಿಯ ಆಕ್ಸೆಸರಿ ಕೊಳ್ಳುವ ಮುಂಚೆ ಫ್ಲೋರ್ ಮ್ಯಾಟ್ ಕಿತ್ತುಹಾಕಿ. ಫ್ರೇಮನ್ನು ಸಣ್ಣ ಸುತ್ತಿಗೆಯಿಂದ ತಟ್ಟುತ್ತಾ ಹೋಗಿ. ಟಣ್ ಎಂದರೆ ಗಟ್ಟಿ, ಮಂಕು ಸದ್ದು ಬಂದರೆ ವೆಲ್ಡರ್‌ಗೆ ಫೋನ್ ಮಾಡಿ. ತುಕ್ಕಿನ ಮೇಲೆ ಬಳಿದ ಪೇಂಟ್ ಒಂದು ಮಳೆಗಾಲವೂ ನಿಲ್ಲುವುದಿಲ್ಲ. ಗಾಡಿಯಡಿ ಹೋಗುವುದಾದರೆ ಜಾಕ್ ಸ್ಟ್ಯಾಂಡ್ ಇಟ್ಟೇ ಹೋಗಿ. ಬರೀ ಜಾಕ್ ನಂಬಿ ತಲೆ ಹಾಕಬೇಡಿ, ಒಂದು ನಿಮಿಷಕ್ಕೂ ಬೇಡ.

2. ಬ್ರೇಕ್ ಮೊದಲು, ಶೋಕಿ ಆಮೇಲೆ.
ಜಿಪ್ಸಿಯ 'ಕಿಂಗ್' ಮಾದರಿಯಲ್ಲಿ ಮುಂದೆ ಡಿಸ್ಕ್, ಹಿಂದೆ ಡ್ರಮ್. ಪ್ಯಾಡ್, ಶೂ, ರಬ್ಬರ್ ಹೋಸ್ ಮೂರನ್ನೂ ನೋಡಿ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ಅದರಿಂದ ಕುದಿಯುವ ಬಿಂದು ಇಳಿಯುತ್ತದೆ. ಘಾಟಿ ಇಳಿಯುವಾಗ ಪೆಡಲ್ ಮೆತ್ತಗಾಗುವುದು ಹೀಗೇ. ಎರಡು ವರ್ಷಕ್ಕೊಮ್ಮೆ ಬದಲಾಯಿಸಿ. ಮೊದಲ ಸಲ ಅನುಭವಸ್ಥ ಮೆಕ್ಯಾನಿಕ್‌ ಪಕ್ಕದಲ್ಲಿರಲಿ.

3. ಬಲ್ಬ್ ಬದಲಿಸಬೇಡಿ, ವೈರಿಂಗ್ ಬದಲಿಸಿ.
ನನ್ನ ಪ್ರಕಾರ ಕಡಿಮೆ ಖರ್ಚಿನಲ್ಲಿ ಅತಿ ಹೆಚ್ಚು ಲಾಭ ಕೊಡುವ ಅಪ್‌ಗ್ರೇಡ್ ಇದೇ. ಹಳೇ ಗಾಡಿಗಳಲ್ಲಿ ಹೆಡ್‌ಲೈಟಿನ ಕರೆಂಟು ಸವೆದ ಸ್ವಿಚ್ಚು, ಸಣ್ಣ ವೈರುಗಳನ್ನು ಸುತ್ತಿ ಬರುತ್ತದೆ. ದಾರಿಯಲ್ಲೇ ವೋಲ್ಟೇಜ್ ಸೋರುತ್ತದೆ. ಹ್ಯಾಲೊಜೆನ್ ಬಲ್ಬಿನಲ್ಲಿ ವೋಲ್ಟೇಜ್ ಶೇ. 10 ಇಳಿದರೆ ಬೆಳಕು ಹತ್ತಿರ ಹತ್ತಿರ ಶೇ. 30 ಇಳಿಯುತ್ತದೆ! ಮಲ್ಟಿಮೀಟರ್ ತನ್ನಿ. ಲೈಟ್ ಹಾಕಿ ಬ್ಯಾಟರಿಯಲ್ಲೂ ಬಲ್ಬ್ ಕನೆಕ್ಟರಿನಲ್ಲೂ ಅಳೆಯಿರಿ. ಒಂದು ವೋಲ್ಟ್ ವ್ಯತ್ಯಾಸ ಕಂಡರೆ ರಿಲೇ ಕಿಟ್ ಹಾಕಿ. ಆಗ ಸ್ವಿಚ್ಚು ಬರೀ ಸಿಗ್ನಲ್ ಕೊಡುತ್ತದೆ, ಕರೆಂಟು ನೇರ ಬ್ಯಾಟರಿಯಿಂದ ಬರುತ್ತದೆ. 55 ವ್ಯಾಟಿನ ಎರಡು ಬಲ್ಬಿಗೆ ಸುಮಾರು 9 ಆಂಪ್ ಬೇಕು. 15 ಆಂಪ್ ಫ್ಯೂಸನ್ನು ಬ್ಯಾಟರಿಯ ಹತ್ತಿರವೇ ಕೂರಿಸಿ. ಕೆಲಸಕ್ಕಿಳಿಯುವ ಮುಂಚೆ ನೆಗೆಟಿವ್ ಟರ್ಮಿನಲ್ ಬಿಚ್ಚಿ. ಎದುರಿನವರ ಕಣ್ಣು ಕುಕ್ಕುವ 100 ವ್ಯಾಟ್ ಬಲ್ಬ್ ನಿಮಗೆ ಬೇಕಿಲ್ಲ.

4. ಟೈರ್ ಕೊಳ್ಳುವ ಮೊದಲು ಲೆಕ್ಕ ಹಾಕಿ.
ಜಿಪ್ಸಿ ಕಿಂಗ್‌ನ ಒರಿಜಿನಲ್ 205/70 ಆರ್15 ಟೈರಿನ ವ್ಯಾಸ 668 ಮಿ.ಮೀ. 235/75 ಆರ್15 ಹಾಕಿದರೆ 733. ಸುಮಾರು ಶೇ. 10 ದೊಡ್ಡದು. ಸರಿಯಾಗಿದ್ದ ಸ್ಪೀಡೊಮೀಟರ್ 80 ತೋರಿಸುವಾಗ ನೀವು 88ರಲ್ಲಿ ಓಡುತ್ತಿರುತ್ತೀರಿ. 1.3 ಲೀಟರ್ ಎಂಜಿನ್ ಘಾಟಿಯಲ್ಲಿ ಏದುಸಿರು ಬಿಡುತ್ತದೆ. ಒರಿಜಿನಲ್ ಸೈಜಿನಲ್ಲೇ ಒಳ್ಳೆಯ ಗ್ರಿಪ್ ಇರುವ ಟೈರ್ ಆರಿಸಿ. ಪಕ್ಕದಲ್ಲಿ ಅಚ್ಚಾಗಿರುವ ಡಾಟ್ ಕೋಡಿನ ಕೊನೆಯ ನಾಲ್ಕು ಅಂಕಿ ಓದಿ: 1523 ಎಂದರೆ 2023ರ 15ನೇ ವಾರ.

5. ಕಾನೂನು ಓದಿಕೊಂಡೇ ಕೈಹಾಕಿ.
ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿನ ವಿವರ ತಯಾರಕರ ಮೂಲ ವಿವರಕ್ಕೆ ಹೊಂದದಂತೆ ಗಾಡಿ ಬದಲಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಸ್ಪಷ್ಟಪಡಿಸಿತು. ಅದೇ ವರ್ಷದ ತಿದ್ದುಪಡಿಯಂತೆ ಒಂದೊಂದು ಅಕ್ರಮ ಬದಲಾವಣೆಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲೂ ಆಗಬಹುದು. ಬುಲ್ ಬಾರ್ ಬೇಡವೇ ಬೇಡ. ಎಂಜಿನ್ ಬದಲಿಸುವ ಕನಸಿದ್ದರೆ ಮೊದಲು ಆರ್‌ಟಿಒ ಅನುಮತಿ ಪಡೆಯಿರಿ. 15 ವರ್ಷ ದಾಟಿದ ಗಾಡಿಯ ನೋಂದಣಿ ನವೀಕರಣಕ್ಕೆ ಹೋದಾಗ ಇನ್‌ಸ್ಪೆಕ್ಟರ್ ಎಲ್ಲವನ್ನೂ ನೋಡುತ್ತಾರೆ.

6. ಬುಷ್ ಬದಲಿಸಿ, ಸವಾರಿ ಬದಲಾಗುತ್ತದೆ.
ಜಿಪ್ಸಿ ಕುಲುಕುತ್ತದೆ ಎಂದು ದೂರುವವರು ಲೀಫ್ ಸ್ಪ್ರಿಂಗಿನ ಸವೆದ ಬುಷ್‌ಗಳನ್ನು ನೋಡಿಯೇ ಇರುವುದಿಲ್ಲ. ಬೆಂಗಳೂರಿನವರಾದರೆ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳನ್ನು ಸುತ್ತಿ, ಹಳೇ ಬುಷ್ ಕೈಯಲ್ಲಿರಲಿ. ರಬ್ಬರ್ ಬುಷ್ ಹಾಕಿದ ಮೇಲೆ ಶ್ಯಾಕಲ್ ಬೋಲ್ಟನ್ನು ಗಾಡಿ ಎತ್ತಿರುವಾಗಲೇ ಬಿಗಿ ಮಾಡಬೇಡಿ, ರಬ್ಬರ್ ತಿರುಚಿಕೊಂಡು ಬೇಗ ಹರಿಯುತ್ತದೆ. ಚಕ್ರ ನೆಲಕ್ಕಿಳಿದು ಭಾರ ಕೂತ ಮೇಲೆ ಬಿಗಿ ಮಾಡಿ. ನೂರು ಕಿಲೋಮೀಟರ್ ಓಡಿಸಿ. ಮತ್ತೆ ಕೆಳಗೆ ನುಗ್ಗಿ, ಟಾರ್ಕ್ ರೆಂಚಿನಿಂದ ಯು-ಬೋಲ್ಟುಗಳನ್ನು ಸರ್ವಿಸ್ ಮ್ಯಾನ್ಯುವಲ್ ಹೇಳಿದ ಅಳತೆಗೆ ತನ್ನಿ.