ಪಥ್ಯದ ಬಿಲ್ಲು, ಥೆರಪಿಯ ಬಿಲ್ಲು

ನೆರವು ಕೋರಿ ಬಂದ ಅರ್ಜಿಯೊಂದರಲ್ಲಿ ಆಟಿಸಂ ಇರುವ ಐದು ವರ್ಷದ ಮಗುವಿನ ಸ್ಪೀಚ್ ಥೆರಪಿಗಿಂತ ಗ್ಲುಟೆನ್ ಇಲ್ಲದ ಹಿಟ್ಟು, ಪ್ರೋಬಯಾಟಿಕ್ ಪುಡಿಗಳ ಬಿಲ್ಲೇ ದೊಡ್ಡದಿತ್ತು. ವೋಚರ್ ನೋಡಿ ಪಳಗಿದ ಕಣ್ಣು, ಅಲ್ಲೇ ನಿಂತಿತು.

ಗೋಧಿ, ಹಾಲು ಬಿಡಿಸಿದರೆ ಆಟಿಸಂ ಗುಣವಾಗುತ್ತದೆ ಎಂಬುದಕ್ಕೆ ಗಟ್ಟಿ ಆಧಾರವಿಲ್ಲ. ಆದರೆ ಹೊಟ್ಟೆಯ ತೊಂದರೆ ಸುಳ್ಳಲ್ಲ. ಈ ಮಕ್ಕಳಲ್ಲಿ ಮಲಬದ್ಧತೆ ಹೆಚ್ಚು. ನೋವು ಹೇಳಲಾರದ ಮಗು ಹಠ ಮಾಡುತ್ತದೆ, ನಿದ್ದೆಗೆಡುತ್ತದೆ. ಅದಕ್ಕೆ ಮಕ್ಕಳ ವೈದ್ಯರಲ್ಲಿ ಚಿಕಿತ್ಸೆಯಿದೆ. ಹಾಲು ನಿಲ್ಲಿಸಿದರೆ ಕ್ಯಾಲ್ಸಿಯಂ ಎಲ್ಲಿಂದ ಎಂದೂ ಅವರನ್ನೇ ಕೇಳಬೇಕು. ಅಂದಹಾಗೆ, ನಮ್ಮ ರಾಗಿಯಲ್ಲಿ 100 ಗ್ರಾಮಿಗೆ 300 ಮಿಲಿಗ್ರಾಮಿಗೂ ಹೆಚ್ಚು ಕ್ಯಾಲ್ಸಿಯಂ ಇದೆ, ಗ್ಲುಟೆನ್ ಇಲ್ಲವೇ ಇಲ್ಲ!

“ಸುಮ್ಮನೆ ಕೂರೋಕೆ ಮನಸ್ಸು ಬರಲಿಲ್ಲ ಸಾರ್” ಎಂದರು ತಾಯಿ. ನ್ಯಾಷನಲ್ ಟ್ರಸ್ಟ್‌ನ ನಿರಾಮಯ ವಿಮೆಗೆ ಅರ್ಜಿ ತುಂಬಿಸುತ್ತಿದ್ದೇನೆ. ಪುಡಿಯ ಬಿಲ್ಲು ಬದಿಗಿಟ್ಟಿದ್ದೇವೆ. ಆರು ತಿಂಗಳ ಸ್ಪೀಚ್ ಥೆರಪಿಗೆ ದಾನಿಗಳ ನೆರವು ಬೇಕಿದೆ.